ಸಂಶೋಧನೆ ಮಕ್ಕಳ ಪಾಠವಾಗುವುದು ಹೇಗೆ?



ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಹೆಬ್ಬಾಳದಾಚೆ ಕೃಷಿ ವಿಶ್ವವಿದ್ಯಾಲಯ, ಯಶವಂತಪುರದ ಹತ್ತಿರ ಟಾಟಾ ಇನ್‌ಸ್ಟಿಟ್ಯೂಟ್. ನಮ್ಮ ಮಕ್ಕಳು ಬಸ್ಸಿನಿಂದ ಇವುಗಳ ಕಾಂಪೌಂಡ್ ನೋಡುತ್ತಾರೆ. ಒಳಗೆ ನಡೆಯುವುದು ತಮಗೆ ಅರ್ಥವಾಗುವಂಥದ್ದಲ್ಲ ಎಂದುಕೊಳ್ಳುತ್ತಾರೆ. ವಿಜ್ಞಾನದ ಮೇಷ್ಟ್ರಾಗಿ ನಾನು ಹೇಳುವುದು ಇಷ್ಟೇ: ಅರ್ಥವಾಗುತ್ತದೆ. ಆದರೆ ಬರೀ ಉತ್ತರ ಬರೆಸಿದರೆ ಸಾಲದು, ಉತ್ತರಕ್ಕೆ ಹೋದ ದಾರಿಯನ್ನು ಪಾಠ ಮಾಡಬೇಕು.

ಸಿ.ವಿ. ರಾಮನ್ 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿ ಬಂದು, ಕೊನೆಯವರೆಗೂ ಬೆಂಗಳೂರಿನಲ್ಲೇ ಉಳಿದವರು. ಅವರಿಗೆ 1930ರಲ್ಲಿ ನೊಬೆಲ್ ತಂದುಕೊಟ್ಟ ಶೋಧ ನಡೆದದ್ದು 1928ರಲ್ಲಿ, ಕಲ್ಕತ್ತೆಯಲ್ಲಿ. ಅವರೂ ಕೆ.ಎಸ್. ಕೃಷ್ಣನ್ ಅವರೂ ಬಿಸಿಲನ್ನು ನೀಲಿ-ನೇರಳೆ ಬಣ್ಣ ಮಾತ್ರ ಬಿಡುವ ಗಾಜಿನ ಮೂಲಕ ದ್ರವದೊಳಗೆ ಹಾಯಿಸಿದರು. ಪಕ್ಕಕ್ಕೆ ಚದುರಿದ ಬೆಳಕನ್ನು, ಆ ಬಣ್ಣವನ್ನು ತಡೆದು ಹಸಿರನ್ನು ಬಿಡುವ ಇನ್ನೊಂದು ಗಾಜಿನಿಂದ ನೋಡಿದರು.

ಇಲ್ಲಿ ನಿಲ್ಲಿಸಿ, ‘ಏನು ಕಾಣಬೇಕು?’ ಎಂದು ಎಂಟನೇ ತರಗತಿಯಲ್ಲಿ ಕೇಳಿ. ‘ಏನೂ ಕಾಣಬಾರದು ಸಾರ್, ಕತ್ತಲೆ’ ಅನ್ನುತ್ತಾರೆ. ಆದರೆ ಮಂದವಾಗಿ ಬೆಳಕು ಕಂಡಿತು ಎನ್ನಿ. ಸ್ವಲ್ಪ ಹೊತ್ತು ಬಿಟ್ಟರೆ, ‘ಹಾಗಾದರೆ ಬಣ್ಣವೇ ಬದಲಾಗಿರಬೇಕು’ ಎಂದು ಯಾವುದೋ ಬೆಂಚಿನಿಂದ ದನಿ ಬರುತ್ತದೆ. ಒಂದು ಸೂತ್ರವೂ ಬೇಕಾಗಲಿಲ್ಲ.

ಸುಲಭ ಮಾಡುವ ಭರದಲ್ಲಿ ಸುಳ್ಳು ಹೇಳಬಾರದು. ಲೋಟದ ನೀರಿಗೆ ನಾಲ್ಕು ಹನಿ ಹಾಲು ಹಾಕಿ ಟಾರ್ಚ್ ಬಿಟ್ಟರೆ ಬೆಳಕು ಚದುರುವುದು ಕಾಣುತ್ತದೆ. ಒಳ್ಳೆಯ ಪ್ರಯೋಗವೇ, ಆದರೆ ಅದು ರಾಮನ್ ಪರಿಣಾಮವಲ್ಲ. ಹಾಗೆಯೇ, ತೂಗುಬಿಟ್ಟ ಚಿಪ್ಪಿಗೆ ಬಡಿದ ಗೋಲಿ, ಚಿಪ್ಪನ್ನು ಅಲುಗಿಸಿ ನಿಧಾನವಾಗಿ ಮರಳುತ್ತದೆ. ಬೆಳಕೂ ಅಣುವಿಗೆ ಹೀಗೆ ಸ್ವಲ್ಪ ಶಕ್ತಿ ಕೊಡಬಲ್ಲದು. ಆದರೆ ಬೆಳಕು ನಿಧಾನವಾಗುವುದಿಲ್ಲ, ಅದರ ಬಣ್ಣ ಬದಲಾಗುತ್ತದೆ. ಇದನ್ನು ಆಗಲೇ ಹೇಳಬೇಕು. ಇಲ್ಲದಿದ್ದರೆ ಕಾಲೇಜಿಗೆ ಹೋದ ಮಗು ಮೊದಲು ನಮ್ಮ ಪಾಠವನ್ನು ಮರೆಯಬೇಕಾಗುತ್ತದೆ.

ಆ ಕಾಂಪೌಂಡುಗಳ ಒಳಗೆ ಕೆಲಸ ಮಾಡುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಶಾಲೆಗೆ ಬನ್ನಿ. ಹಾರ, ಶಾಲು, ಭಾಷಣ ಬೇಡ. ನಿಮ್ಮ ಕೆಲಸ ಯಾವ ಪ್ರಶ್ನೆಯಿಂದ ಶುರುವಾಯಿತೋ ಅದನ್ನು ಕನ್ನಡದಲ್ಲಿ ಮಕ್ಕಳ ಮುಂದಿಡಿ. ಮೊದಲು ಅವರು ಏನು ಹೇಳುತ್ತಾರೋ ಕೇಳಿ, ಆಮೇಲೆ ಉತ್ತರ ಹೇಳಿ.