ಶೃಂಗಸಭೆಗೆ ಮುಂಚಿನ ಮಾತು



ಬೆಂಗಳೂರಿನಿಂದ ಮೈಸೂರಿಗೆ ಹಳೆಯ ರಸ್ತೆ ಹಿಡಿದವರು ಬಿಡದಿ ಬಂತೆಂದರೆ ಗಾಡಿ ನಿಲ್ಲಿಸುತ್ತಾರೆ. ತಟ್ಟೆ ಇಡ್ಲಿ ತಿಂದು ಹೊರಟರೆ ಮುಂದೆ ರಾಮನಗರ, ಚನ್ನಪಟ್ಟಣ, ಮದ್ದೂರು, ಶ್ರೀರಂಗಪಟ್ಟಣ. ದಾರಿ ಬಹಳ ಹಳೆಯದು. ಆದರೂ 1791ರ ಮೇ ತಿಂಗಳ ಮೊದಲಲ್ಲಿ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟ ಇಂಗ್ಲಿಷ್ ಕಂಪನಿಯ ಸೈನ್ಯ ಇತ್ತ ಬರಲಿಲ್ಲ. ರಾಮಗಿರಿ, ಶಿವನಗಿರಿ ಕೋಟೆಗಳು ಟಿಪ್ಪು ಸುಲ್ತಾನನ ಕೈಯಲ್ಲಿದ್ದವು. ಚನ್ನಪಟ್ಟಣದ ದಾರಿಯನ್ನು ಆತ ಭದ್ರ ಮಾಡಿಕೊಂಡು ಕೂತಿದ್ದ. ಕಂಪನಿಯವರು ತೆಂಕಣಕ್ಕೆ ತಿರುಗಿ ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರದ ದಾರಿ ಹಿಡಿದರು. ಅಲ್ಲಿಯೂ ಸುಖವಿರಲಿಲ್ಲ. ಶತ್ರುವಿಗೆ ಒಂದು ಹಿಡಿ ಹುಲ್ಲೂ ಸಿಗಬಾರದೆಂದು ಊರುಗಳನ್ನು ಮೊದಲೇ ಬರಿದು ಮಾಡಿಸಲಾಗಿತ್ತು.

ಯುದ್ಧದ ಕಥೆ ಹೇಳಲು ನಾನು ಬಂದಿಲ್ಲ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಹಲವು ರಾಜ್ಯಗಳ ಒಂದು ಕೂಟ ತನ್ನ ನೆರೆಯ ರಾಜ್ಯದ ಜೊತೆ ಮಾತಿಗೆ ಕೂರುವ ಮುನ್ನ ಏನೇನು ನಡೆಯುತ್ತದೆ ಎನ್ನುವುದು ಇವತ್ತಿನ ವಿಷಯ. ಈಗ ನಾವು ಶೃಂಗಸಭೆ ಎನ್ನುತ್ತೇವೆ. ಟಿವಿಯಲ್ಲಿ ನಾಯಕರು ಕೈಕುಲುಕುತ್ತಾರೆ, ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕೆಲಸವೆಲ್ಲ ಅದಕ್ಕಿಂತ ಮೊದಲೇ ಮುಗಿದಿರುತ್ತದೆ, ಇಲ್ಲವೇ ಕೆಟ್ಟಿರುತ್ತದೆ. ಅದರಲ್ಲೂ ಬಹುಪಾಲು ಕೆಲಸ ನೆರೆಯವನ ಜೊತೆಗಲ್ಲ, ಕೂಟದ ಒಳಗೇ. ಇದು ನಮ್ಮ ಬಿಡದಿ ಸುತ್ತಿನ ಬೆಟ್ಟಗಳು ನೋಡಿರುವ ಸಂಗತಿ.

1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪು ತಿರುವಾಂಕೂರಿನ ಗಡಿಗೋಡೆಯ ಮೇಲೆ ಬಿದ್ದ. ತಿರುವಾಂಕೂರು ಕಂಪನಿಯ ಮಿತ್ರರಾಜ್ಯ. ಆರು ತಿಂಗಳ ಸುಮಾರಿಗೆ ಎರಡು ಒಪ್ಪಂದಗಳು ತಯಾರಾದವು. 1790ರ ಜೂನ್ 1ರಂದು ಪುಣೆಯಲ್ಲಿ ಕಂಪನಿಯ ಚಾರ್ಲ್ಸ್ ಮ್ಯಾಲೆಟ್ ಮರಾಠರ ಪೇಶ್ವೆಯ ಆಸ್ಥಾನದೊಡನೆ ಕರಾರು ಮಾಡಿಕೊಂಡ. ಆ ಕಡೆ ಲೆಕ್ಕ ಹಾಕುತ್ತಿದ್ದವನು ಮಂತ್ರಿ ನಾನಾ ಫಡ್ನವೀಸ್. ಜುಲೈ 4ರಂದು ಪಾಂಗಲ್‌ನಲ್ಲಿ ಕಂಪನಿಯ ಜಾನ್ ಕೆನವೇ ಹೈದರಾಬಾದಿನ ನಿಜಾಮನಿಂದ ಸಹಿ ಪಡೆದ. ಎರಡರ ತಿರುಳೂ ಒಂದೇ: ಗೆದ್ದ ನೆಲವನ್ನು ಸಮನಾಗಿ ಹಂಚಿಕೊಳ್ಳುವುದು, ಮತ್ತು ಒಬ್ಬರನ್ನು ಬಿಟ್ಟು ಇನ್ನೊಬ್ಬರು ಟಿಪ್ಪುವಿನ ಜೊತೆ ರಾಜಿ ಮಾಡಿಕೊಳ್ಳದಿರುವುದು. ಮೊದಲನೆಯದು ಎಲ್ಲರಿಗೂ ಸಿಹಿ. ಎರಡನೆಯದನ್ನು ನಂಬಿದವರು ಮೂವರಲ್ಲಿ ಯಾರೂ ಇರಲಿಲ್ಲ ಎಂದು ನನ್ನ ಅನಿಸಿಕೆ. ಮರಾಠರೂ ನಿಜಾಮನೂ ಹಿಂದೆ ಎಷ್ಟೋ ಸಲ ಮೈಸೂರಿನೊಡನೆ ಬೇರೆ ಬೇರೆಯಾಗಿ ಕೈಜೋಡಿಸಿದವರು, ಕೈಕೊಟ್ಟವರು. ಕಂಪನಿಯೂ ಆ ವಿದ್ಯೆಯಲ್ಲಿ ಹಿಂದೆ ಬಿದ್ದಿರಲಿಲ್ಲ.

ಟಿಪ್ಪುವಿಗೆ ಇದು ಚೆನ್ನಾಗಿ ಗೊತ್ತಿತ್ತು. ಆತನನ್ನು ಕತ್ತಿ ಹಿಡಿದ ಚಿತ್ರದಲ್ಲಷ್ಟೇ ನೋಡಿದವರಿಗೆ ಆತನ ರಾಯಭಾರದ ಹರವು ಕಾಣಿಸುವುದಿಲ್ಲ. 1786ರಲ್ಲಿ ಗುಲಾಂ ಅಲಿ ಖಾನನ ನಾಯಕತ್ವದಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ದೂತರು ಹೊರಟಿದ್ದರು. 1788ರಲ್ಲಿ ಇನ್ನೊಂದು ತಂಡ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಎದುರು ನಿಂತಿತ್ತು. ದೂರದ ಗೆಳೆಯರು ಕೈಹಿಡಿಯಲಿಲ್ಲ. ಉಳಿದದ್ದು ಹತ್ತಿರದ ಶತ್ರುಗಳನ್ನು ಒಬ್ಬೊಬ್ಬರನ್ನಾಗಿ ಬಿಡಿಸುವ ದಾರಿ.

ಇಲ್ಲಿಗೆ ಬರುತ್ತದೆ ಹಣ್ಣಿನ ಪ್ರಸಂಗ. 1791ರ ಮೇ 15ರಂದು ಶ್ರೀರಂಗಪಟ್ಟಣದ ಹತ್ತಿರ ಕಾಳಗವಾಗಿ, ಕಂಪನಿಯ ಸೈನ್ಯ ಗೆದ್ದರೂ ಹಸಿವಿನಿಂದ ಸೋತಿತ್ತು. ಎತ್ತುಗಳು ಸತ್ತವು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಿದ. ಹಿಂದಿರುಗುವಾಗ ಎದುರಿಗೆ ಕುದುರೆ ಸವಾರರು ಕಂಡು, ಶತ್ರುಗಳೆಂದು ಗಾಬರಿಯಾದರೆ, ಅವರು ಹರಿಪಂತ ಫಡ್ಕೆ, ಪರಶುರಾಮ ಭಾವು ಅವರ ಮರಾಠಾ ದಳ! ಮಿತ್ರರು ಅಷ್ಟು ಹತ್ತಿರ ಬಂದದ್ದೇ ಗೊತ್ತಾಗಿರಲಿಲ್ಲ. ಓಲೆಕಾರರನ್ನೆಲ್ಲ ಟಿಪ್ಪುವಿನ ಸವಾರರು ದಾರಿಯಲ್ಲೇ ತಡೆಯುತ್ತಿದ್ದರು. ನಾಲ್ಕು ದಿನ ಮುಂಚೆ ಒಂದು ಕಾಗದ ತಲುಪಿದ್ದರೆ ಆ ಫಿರಂಗಿಗಳು ಉಳಿಯುತ್ತಿದ್ದವೇನೋ. ಮರಾಠರ ಪಾಳೆಯದ ಬಜಾರಿನಲ್ಲಿ ಮಾತ್ರ ಬೇಕಾದ್ದೆಲ್ಲ ಇತ್ತು, ದುಬಾರಿ ಬೆಲೆಗೆ.

ಅದೇ ದಿನಗಳಲ್ಲಿ ಟಿಪ್ಪುವಿನ ಕಡೆಯಿಂದ ಬಿಳಿ ಬಾವುಟದೊಡನೆ ಒಂದು ಪತ್ರವೂ ಹಣ್ಣಿನ ಹೊರೆಗಳೂ ಕಾರ್ನ್‌ವಾಲಿಸನ ಪಾಳೆಯಕ್ಕೆ ಬಂದವು. ಹಸಿದ ಪಾಳೆಯಕ್ಕೆ ಹಣ್ಣು. ಆತ ಒಂದನ್ನೂ ಮುಟ್ಟದೆ ವಾಪಸು ಕಳಿಸಿದ. ವಿಷದ ಭಯವಲ್ಲ. ಪಕ್ಕದಲ್ಲೇ ಮರಾಠರು ಬಿಡಾರ ಹೂಡಿದ್ದರು, ನಿಜಾಮನ ಸವಾರರು ಜೊತೆಗಿದ್ದರು. ಹಣ್ಣು ಒಳಗೆ ಹೋದರೆ ಅದರ ಹಿಂದೆ ಯಾವ ಮಾತು ಹೋಯಿತು ಎಂದು ಸಂಜೆಯೊಳಗೆ ಎರಡೂ ಬಿಡಾರಗಳಲ್ಲಿ ಗುಸುಗುಸು ಶುರುವಾಗುತ್ತಿತ್ತು. ಮಾತಾಡುವುದಿದ್ದರೆ ಮೂವರ ಜೊತೆ ಒಟ್ಟಿಗೆ, ಮತ್ತು ಮೊದಲು ಸೆರೆಯಾಳುಗಳನ್ನು ಬಿಡಬೇಕು ಎನ್ನುವುದು ಆತನ ಉತ್ತರ.

ಆಗಸ್ಟಿನಲ್ಲಿ ಟಿಪ್ಪುವಿನ ವಕೀಲ ಅಪ್ಪಾಜಿರಾಮ ಬಂದ. ಆ ಕಾಲದಲ್ಲಿ ದೊರೆಯ ಪರವಾಗಿ ಹೋಗುವ ದೂತರನ್ನೆಲ್ಲ ವಕೀಲರೆಂದೇ ಕರೆಯುತ್ತಿದ್ದರು. ಅಪ್ಪಾಜಿರಾಮ ಹಳೆಯ ಹುಲಿ, ಟಿಪ್ಪುವಿನ ತಂದೆ ಹೈದರನ ಕಾಲದಿಂದ ಪಳಗಿದವನು. ಪ್ರತಿನಿಧಿಗಳ ಜೊತೆ ಮಾತಿಲ್ಲ, ಒಡೆಯರ ಜೊತೆಗೇ ನೇರ ಮಾತು ಎಂದು ಪಟ್ಟು ಹಿಡಿದ. ಕೂಟದವರು ಒಪ್ಪಲಿಲ್ಲ, ಬಂದ ದಾರಿಯಲ್ಲೇ ಹೋದ. ನಮ್ಮ ಕಡೆ ದನದ ಜಾತ್ರೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರಲ್ಲ, ಪಕ್ಕದವನಿಗೆ ಬೆಲೆ ಗೊತ್ತಾಗಬಾರದೆಂದು. ಟಿಪ್ಪುವಿಗೆ ಬೇಕಾಗಿದ್ದದ್ದು ಆ ಟವೆಲು. ಕಾರ್ನ್‌ವಾಲಿಸ್ ಅದನ್ನು ಎಳೆದು ಹಾಕುತ್ತಲೇ ಹೋದ. ಅಮೆರಿಕದಲ್ಲಿ ಸೋತು ಬಂದವನೆಂದು ಈತನನ್ನು ಹಗುರಾಗಿ ಕಾಣುವವರಿದ್ದಾರೆ, ಆದರೆ ಮಿತ್ರರನ್ನು ಹಿಡಿದಿಡುವುದರಲ್ಲಿ ಅವನಷ್ಟು ತಾಳ್ಮೆ ತೋರಿದವರು ಕಡಿಮೆ. ತಾಳ್ಮೆಯ ಜೊತೆ ದುಡ್ಡೂ ಸುರಿದ. ಚೀನಾದ ವ್ಯಾಪಾರಕ್ಕೆಂದು ಮದರಾಸಿಗೆ ಬಂದಿದ್ದ ಬೆಳ್ಳಿಯನ್ನು ತಡೆದು ಮರಾಠರಿಗೆ ಹನ್ನೆರಡು ಲಕ್ಷ ರೂಪಾಯಿ ಸಾಲ ಕೊಟ್ಟ.

ಮಳೆಗಾಲ ಕಳೆದ ಮೇಲೆ ನಮ್ಮ ಬೆಟ್ಟಗಳ ಸರದಿ. ದವಸ, ಎತ್ತು, ಕಾಗದ ಮೂರೂ ಸಲೀಸಾಗಿ ಓಡಾಡಬೇಕಾದರೆ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ನಡುವಿನ ದುರ್ಗಗಳು ಕೈಗೆ ಬರಲೇಬೇಕಿತ್ತು. ಮಾಗಡಿಯ ಸಾವನದುರ್ಗ ಬೀಳುವುದಿಲ್ಲ ಎಂದೇ ಎಲ್ಲರ ನಂಬಿಕೆ. 1791ರ ಡಿಸೆಂಬರ್ 21ರಂದು ಹಾಡಹಗಲೇ ಬಿತ್ತು. ಒಂದು ವಾರ ತುಂಬುವುದರೊಳಗೆ ರಾಮಗಿರಿ, ಶಿವನಗಿರಿ, ಹುತ್ರಿದುರ್ಗ ಒಂದರ ಹಿಂದೊಂದು ಹೋದವು. ರಾಮನಗರದ ಬಂಡೆ ಎಂದರೆ ಇಂದಿನವರಿಗೆ ಶೋಲೆ ಸಿನಿಮಾ. ಆದರೆ ಅದಕ್ಕೆ 180 ವರ್ಷ ಮೊದಲೇ ಈ ಸೈನ್ಯದ ಜೊತೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಇವೇ ಬೆಟ್ಟಗಳನ್ನು ಬರೆದುಕೊಂಡಿದ್ದ. ಅವನ ಮೈಸೂರು ಚಿತ್ರಗಳ ಪುಸ್ತಕ 1794ರಲ್ಲಿ ಅಚ್ಚಾಯಿತು. 1792ರ ಜನವರಿ ಕೊನೆಗೆ ನಿಜಾಮನ ಮಗ ಸಿಕಂದರ್ ಜಾ ತನ್ನ ದಂಡಿನೊಡನೆ ಬಂದು ಸೇರಿದ. ಮೂರು ಕಡೆಯವರೂ ಮಾಗಡಿ, ಹುತ್ರಿದುರ್ಗದ ಸೀಮೆಯಲ್ಲಿ ಒಟ್ಟಾಗಿ ಫೆಬ್ರವರಿ ಮೊದಲಿಗೆ ಹೊರಟರು.

ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಪಾಳೆಯದ ಮೇಲೆ ದಾಳಿಯಾಯಿತು. ಎರಡು ದಿನಕ್ಕೆ ಟಿಪ್ಪು ಕೊಯಮತ್ತೂರಿನಲ್ಲಿ ಸೆರೆಸಿಕ್ಕಿದ್ದ ಚಾಮರ್ಸ್, ನ್ಯಾಶ್ ಎಂಬ ಇಬ್ಬರು ಅಧಿಕಾರಿಗಳನ್ನು ಬಿಡುಗಡೆ ಮಾಡಿ, ಸಂಧಿಯ ಪತ್ರ ಕೊಟ್ಟು ಕಳಿಸಿದ. ಆ ಮೇಲೆ ಎರಡು ಪಾಳೆಯಗಳ ನಡುವೆ ಒಂದು ಡೇರೆ ಎದ್ದಿತು. ಟಿಪ್ಪುವಿನ ಪರವಾಗಿ ಗುಲಾಂ ಅಲಿ ಖಾನ್ ಮತ್ತು ಅಲಿ ರಜಾ. ಎದುರಿಗೆ ಕಂಪನಿಯ ಕೆನವೇ, ನಿಜಾಮನ ಮೀರ್ ಆಲಂ, ಹರಿಪಂತನ ವಕೀಲರು. ಡೇರೆಯಲ್ಲಿ ಮಾತು ನಡೆಯುತ್ತಿದ್ದಾಗಲೇ ಹೊರಗೆ ಕಂದಕ ತೋಡುವ ಕೆಲಸ ನಡೆದಿತ್ತು. ಇಂಥ ಮಾತುಕತೆಯನ್ನು ಸಮಾನರ ಮಾತುಕತೆ ಎನ್ನಲಾಗದು.

ಕೊನೆಗೆ ಬಂದ ಕರಾರು: ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಎಲ್ಲ ಸೆರೆಯಾಳುಗಳ ಬಿಡುಗಡೆ, ಎಲ್ಲ ತೀರುವ ತನಕ ಇಬ್ಬರು ಗಂಡುಮಕ್ಕಳು ಒತ್ತೆ. ಫೆಬ್ರವರಿ 26ರಂದು ಸುಮಾರು ಹತ್ತು ವರ್ಷದ ಅಬ್ದುಲ್ ಖಾಲಿಕ್, ಎಂಟು ವರ್ಷದ ಮುಯಿಜುದ್ದೀನ್ ಆನೆಯ ಮೇಲೆ ಹೊರಬಂದರು. ಗುಲಾಂ ಅಲಿ ಅವರನ್ನು ಕಾರ್ನ್‌ವಾಲಿಸನ ಕೈಗೊಪ್ಪಿಸಿದ. ಇಂಗ್ಲಿಷ್ ಚಿತ್ರಕಾರರು ಈ ಗಳಿಗೆಯನ್ನು ಮತ್ತೆ ಮತ್ತೆ ಬರೆದರು. ಆದರೆ ಚಿತ್ರದಲ್ಲಿ ಬಾರದ ಮೂರು ವಾರಗಳೇ ಹೆಚ್ಚು ಬಿಗುವಿನವು. ಅರ್ಧ ರಾಜ್ಯ ಎಂದರೆ ಯಾವ ಅರ್ಧ? ಪ್ರತಿ ತಾಲೂಕಿನ ಹುಟ್ಟುವಳಿಯ ಲೆಕ್ಕ ಬಂತು, ಲೆಕ್ಕ ಸುಳ್ಳೆಂದು ಜಗಳ ಬಂತು, ಯಾವ ನಾಣ್ಯಕ್ಕೆ ಎಷ್ಟು ಬಟ್ಟವೆಂದು ಜಗಳ ಬಂತು. ಕಂಪನಿಯ ಪಟ್ಟಿಯಲ್ಲಿ ಕೊಡಗು ಕಂಡಾಗ ಟಿಪ್ಪು ಸಿಡಿದೆದ್ದ. ಅದು ಶ್ರೀರಂಗಪಟ್ಟಣದ ಬಾಗಿಲು, ಕಂಪನಿಯ ಯಾವ ಗಡಿಗೂ ತಾಗದ ಸೀಮೆ. ಕಾರ್ನ್‌ವಾಲಿಸ್ ಮತ್ತೆ ಮುತ್ತಿಗೆಯ ಸಿದ್ಧತೆಗೆ ಕೈಹಾಕಿದ. ಮಾರ್ಚ್ 18ಕ್ಕೆ ಒಪ್ಪಂದ ಅಂತಿಮವಾಯಿತು. ಕೊಡಗು ಹೋಯಿತು. ಮಕ್ಕಳು ತಂದೆಗೆ ಮರಳಿ ಸಿಕ್ಕಿದ್ದು ಎರಡು ವರ್ಷ ಕಳೆದ ಮೇಲೆ, ದೇವನಹಳ್ಳಿಯಲ್ಲಿ.

ಇನ್ನು ಕೂಟದ ಗತಿ. ಟಿಪ್ಪು ಮತ್ತೆ ತಲೆಯೆತ್ತಿದರೆ ಮೂವರೂ ಒಬ್ಬರಿಗೊಬ್ಬರು ನಿಲ್ಲೋಣ ಎಂಬ ಕಾಯಂ ಕರಾರಿಗೆ ಕಾರ್ನ್‌ವಾಲಿಸ್ ಪ್ರಯತ್ನಿಸಿದ, ಮರಾಠರು ಜಾರಿಕೊಂಡರು. 1795ರಲ್ಲಿ ಖರ್ಡಾದಲ್ಲಿ ಮರಾಠರು ನಿಜಾಮನನ್ನೇ ಸೋಲಿಸಿದರು, ಕಂಪನಿ ನೋಡುತ್ತ ಕುಳಿತಿತು. ಎದುರಾಳಿಯ ಭಯವೊಂದನ್ನೇ ನಂಬಿ ಕಟ್ಟಿದ ಕೂಟ ಭಯ ಇಳಿದ ಮೂರೇ ವರ್ಷಕ್ಕೆ ಚೂರಾಯಿತು.

ಟಿಪ್ಪುವಿನ ಮೇಲಿನ ಆ ಯುದ್ಧದಲ್ಲಿ ದುಡಿದ ಒಬ್ಬ ಅಧಿಕಾರಿಯ ಹೆಸರು ನಮ್ಮ ಜಿಲ್ಲೆಯ ಒಂದು ಊರಿನ ಮೇಲೆ ಬಹುಕಾಲ ಕೂತಿತ್ತು. ಆತ ಬ್ಯಾರಿ ಕ್ಲೋಸ್. 1799ರಲ್ಲಿ ಮೈಸೂರಿನ ಮೊದಲ ರೆಸಿಡೆಂಟ್ ಆದ. ಮರುವರ್ಷ ದಿವಾನ್ ಪೂರ್ಣಯ್ಯ ಕಾಡು ಕಡಿಸಿ ದಾರಿ ಸುರಕ್ಷಿತವಾಗಲೆಂದು ಕಟ್ಟಿಸಿದ ಊರಿಗೆ ಕ್ಲೋಸ್‌ಪೇಟೆ ಎಂದು ಹೆಸರಿಟ್ಟ. ಅದೇ ಕ್ಲೋಸ್ ಪುಣೆಗೆ ಹೋಗಿ 1802ರ ಡಿಸೆಂಬರ್ 31ರಂದು ಬಸೈನ್ ಒಪ್ಪಂದಕ್ಕೆ ಪೇಶ್ವೆ ಎರಡನೆಯ ಬಾಜಿರಾಯನ ಸಹಿ ಹಾಕಿಸಿದ. ಕೂಟದ ಒಬ್ಬ ಪಾಲುದಾರ ಹಾಗೆ ಕಂಪನಿಯ ಜೇಬು ಸೇರಿದ. ಕ್ಲೋಸ್‌ಪೇಟೆ ಆಮೇಲೆ ರಾಮನಗರವಾಯಿತು. ಭೂವಿಜ್ಞಾನಿಗಳು ಮಾತ್ರ ಇಲ್ಲಿನ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ.

ಈಗ ನಮ್ಮ ಕಾಲಕ್ಕೆ ಬರೋಣ. 1986ರ ನವೆಂಬರ್ 16 ಮತ್ತು 17ರಂದು ದಕ್ಷಿಣ ಏಷ್ಯಾ ದೇಶಗಳ ಸಾರ್ಕ್ ಒಕ್ಕೂಟದ ಎರಡನೆಯ ಶೃಂಗಸಭೆ ನಡೆದದ್ದು ಬೆಂಗಳೂರಿನಲ್ಲಿ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ರಾಜೀವ್ ಗಾಂಧಿ, ಶ್ರೀಲಂಕಾದ ಜಯವರ್ಧನೆ, ಬಾಂಗ್ಲಾದೇಶದ ಇರ್ಷಾದ್, ಪಾಕಿಸ್ತಾನದ ಜುನೇಜೊ, ನೇಪಾಳ ಮತ್ತು ಭೂತಾನಿನ ದೊರೆಗಳು, ಮಾಲ್ಡೀವ್ಸ್‌ನ ಗಯೂಮ್ ಬಂದಿದ್ದರು. ಸಾರ್ಕಿನಲ್ಲಿ ಸಿದ್ಧತೆಗೆ ಮೆಟ್ಟಿಲುಗಳೇ ಇವೆ: ಅಧಿಕಾರಿಗಳ ಸಮಿತಿ, ಅದರ ಮೇಲೆ ವಿದೇಶಾಂಗ ಕಾರ್ಯದರ್ಶಿಗಳು, ಅದರ ಮೇಲೆ ವಿದೇಶಾಂಗ ಮಂತ್ರಿಗಳು, ತುದಿಯಲ್ಲಿ ನಾಯಕರು. ಕಾಠ್ಮಂಡುವಿನಲ್ಲಿ ಕಾರ್ಯಾಲಯ ತೆರೆಯುವ ಒಪ್ಪಂದಕ್ಕೆ ಬೆಂಗಳೂರಿನಲ್ಲೇ ಸಹಿಯಾಯಿತು. 1987ರ ಜನವರಿಯಲ್ಲಿ ಅದು ಕೆಲಸ ಶುರುಮಾಡಿತು. ರೇಡಿಯೋ, ಟಿವಿ ಕಾರ್ಯಕ್ರಮಗಳ ವಿನಿಮಯದ ಮಾತೂ ಆಯಿತು. ಈ ಮೈಕಿನ ಮುಂದೆ ಕೂತವನಿಗೆ ಅದನ್ನು ಹೇಳದಿರಲು ಮನಸ್ಸಿಲ್ಲ.

ಸಾರ್ಕಿನ ಸನ್ನದಿನಲ್ಲಿ ಎರಡು ನಿಯಮಗಳಿವೆ. ಎಲ್ಲ ತೀರ್ಮಾನವೂ ಸರ್ವಾನುಮತದಿಂದ ಆಗಬೇಕು. ಎರಡು ದೇಶಗಳ ನಡುವಿನ ತಕರಾರುಗಳನ್ನು ಮೇಜಿಗೆ ತರುವಂತಿಲ್ಲ. ಹಾಗಾಗಿ ಆ ವರ್ಷ ಎಲ್ಲರ ಮನಸ್ಸಿನಲ್ಲಿದ್ದ ಶ್ರೀಲಂಕಾ ತಮಿಳರ ಪ್ರಶ್ನೆ ಕಾರ್ಯಸೂಚಿಯಲ್ಲಿ ಇರಲಿಲ್ಲ. ಆದರೆ ಸಭೆಗೆ ಒಂದು ವಾರ ಮೊದಲು ತಮಿಳುನಾಡಿನ ಪೊಲೀಸರು ಅಲ್ಲಿದ್ದ ತಮಿಳು ಉಗ್ರರ ಆಯುಧಗಳನ್ನು ಕಿತ್ತುಕೊಂಡಿದ್ದರು. ಸಭೆಯ ಹೊತ್ತಿಗೆ ಎಲ್‌ಟಿಟಿಇ ನಾಯಕ ಪ್ರಭಾಕರನ್ ಅವರನ್ನು ವಿಮಾನದಲ್ಲಿ ಬೆಂಗಳೂರಿಗೆ ಕರೆತರಲಾಯಿತು, ತಮಿಳುನಾಡಿನ ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಕೂಡ ಬಂದರು. ನಾಯಕರು ನಂದಿ ಬೆಟ್ಟದ ಮೇಲೆ ಬಿಡುವಾಗಿ ಮಾತಾಡಿಕೊಂಡರು. ಒಪ್ಪಿಗೆ ಹುಟ್ಟಲಿಲ್ಲ. ಮೇಜಿನಿಂದ ದೂರವಿಟ್ಟ ತಕರಾರು ಪಕ್ಕದ ಕೋಣೆಯಲ್ಲಿ ಕೂತೇ ಇರುತ್ತದೆ.

ಆಗ್ನೇಯ ಏಷ್ಯಾದ ಆಸಿಯಾನ್ ಒಕ್ಕೂಟದವರ ಪದ್ಧತಿ ಬೇರೆ. ಭಾರತದೊಡನೆ ಅವರ ಮೊದಲ ಶೃಂಗಸಭೆ 2002ರ ನವೆಂಬರಿನಲ್ಲಿ ಕಾಂಬೋಡಿಯದ ನಾಮ್ ಪೆನ್‌ನಲ್ಲಿ ನಡೆಯಿತು. ಹೊರಗಿನ ಒಂದೊಂದು ದೇಶದ ಜೊತೆಗೂ ವ್ಯವಹಾರ ಹೊಂದಿಸಲು ತಮ್ಮಲ್ಲೇ ಒಂದು ದೇಶವನ್ನು ಮೂರು ವರ್ಷಕ್ಕೊಮ್ಮೆ ಗೊತ್ತುಮಾಡುತ್ತಾರೆ. ಜಗಳವೆಲ್ಲ ಒಳಗೇ ಮುಗಿಸಿ, ಹೊರಗೆ ಒಂದು ಬಾಯಿ. ಕಾರ್ನ್‌ವಾಲಿಸ್ ಹಣ್ಣು ಹಿಂದಿರುಗಿಸಿ ಸಾಧಿಸಿದ್ದನ್ನು ಇವರು ನಿಯಮವನ್ನಾಗಿ ಮಾಡಿಕೊಂಡಿದ್ದಾರೆ.

ಸಾರ್ಕ್ ನಾಯಕರು ಕೊನೆಯ ಸಲ ಕೂಡಿದ್ದು 2014ರಲ್ಲಿ, ಕಾಠ್ಮಂಡುವಿನಲ್ಲಿ. 2016ರ ನವೆಂಬರಿಗೆ ಇಸ್ಲಾಮಾಬಾದ್ ಗೊತ್ತಾಗಿತ್ತು. ಸೆಪ್ಟೆಂಬರಿನಲ್ಲಿ ಕಾಶ್ಮೀರದ ಉರಿಯ ಸೇನಾ ನೆಲೆಯ ಮೇಲೆ ದಾಳಿ ನಡೆಯಿತು. ಭಾರತ ಬರುವುದಿಲ್ಲವೆಂದಿತು, ಬಾಂಗ್ಲಾದೇಶ, ಭೂತಾನ್, ಅಫ್ಘಾನಿಸ್ತಾನ ಕೂಡ ಹಾಗೆಯೇ ಹೇಳಿದವು. ಸಭೆ ನಿಂತಿತು. ಕಾಠ್ಮಂಡುವಿನ ಕಾರ್ಯಾಲಯ ಮುಚ್ಚಿಲ್ಲ. ಮಹಾಕಾರ್ಯದರ್ಶಿ ಇದ್ದಾರೆ, ದೆಹಲಿಯಲ್ಲಿ ಸಾರ್ಕ್ ದೇಶಗಳು ಸೇರಿ ಸ್ಥಾಪಿಸಿದ ದಕ್ಷಿಣ ಏಷ್ಯಾ ವಿಶ್ವವಿದ್ಯಾಲಯದಲ್ಲಿ ತರಗತಿ ನಡೆಯುತ್ತಿದೆ, ಕೆಳಗಿನ ಮೆಟ್ಟಿಲುಗಳಲ್ಲಿ ಕಡತಗಳು ಓಡಾಡುತ್ತಿವೆ.