ವರ್ತುಲ ರಸ್ತೆಯೂ ನಮ್ಮ ಹೊಲವೂ
(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಈ ದಿನ ಬೀಜ, ಗೊಬ್ಬರಗಳ ಮಾತನ್ನು ಬದಿಗಿಟ್ಟು ಒಂದು ರಸ್ತೆಯ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಬೆಂಗಳೂರಿನಿಂದ ತುಮಕೂರು, ಬಳ್ಳಾರಿ, ಕೋಲಾರ, ಹೊಸೂರು, ಕನಕಪುರ, ಮೈಸೂರು, ಮಾಗಡಿ ಕಡೆಗೆ ಹೋಗುವ ದಾರಿಗಳು ಗಾಡಿಯ ಗಾಲಿಯ ಕಡ್ಡಿಗಳಂತಿವೆ. ತುಮಕೂರು ಕಡೆಯಿಂದ ಬಂದ ಲಾರಿ ಹೊಸೂರಿಗೆ ಹೋಗಬೇಕಾದರೆ ನಗರದ ಗದ್ದಲವನ್ನು ಹೊಗಬಾರದು. ಅದಕ್ಕಾಗಿ ಗಾಲಿಯ ಸುತ್ತ ಕಬ್ಬಿಣದ ಪಟ್ಟಿ ಹೊಡೆದಂತೆ ಊರಿನ ಸುತ್ತ ರಸ್ತೆ ಮಾಡುತ್ತಾರೆ. ಇದೇ ವರ್ತುಲ ರಸ್ತೆ.

ಮೊದಲು ಆದದ್ದು ಸುಮಾರು 60 ಕಿಲೋಮೀಟರಿನ ಹೊರ ವರ್ತುಲ ರಸ್ತೆ. ಹೆಸರು 'ಹೊರ' ಎಂದಿದ್ದರೂ ನಗರವು ಅದನ್ನು ದಾಟಿ ಎಂದೋ ಬೆಳೆದುಹೋಗಿದೆ. ಆ ದಾರಿಯಲ್ಲಿರುವ ಹೆಬ್ಬಾಳ, ಮಾರತಹಳ್ಳಿಗಳು ಹಿಂದೆ ನಮ್ಮ ಊರುಗಳಂಥ ಊರುಗಳೇ. ಈಗ ಅದಕ್ಕಿಂತ ಬಹು ದೂರದಲ್ಲಿ ರಾಷ್ಟ್ರೀಯ ಹೆದ್ದಾರಿ 948ಎ, ಅಂದರೆ ಉಪನಗರ ವರ್ತುಲ ರಸ್ತೆಯನ್ನು ಮಾಡುತ್ತಿದ್ದಾರೆ. ಇದರ ಉದ್ದ ಸುಮಾರು 280 ಕಿಲೋಮೀಟರು. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್, ಕನಕಪುರ, ರಾಮನಗರ, ಮಾಗಡಿಗಳನ್ನು ಮುಟ್ಟಿ ತಮಿಳುನಾಡಿನ ಹೊಸೂರಿನ ಕಡೆಗೂ ಹಾದು ಬರುತ್ತದೆ. ದೊಡ್ಡಬಳ್ಳಾಪುರ–ಹೊಸಕೋಟೆಯ ನಡುವೆ ವಾಹನಗಳು ಓಡಾಡುತ್ತಲೂ ಇವೆ.

ರಸ್ತೆ ಬೇಕೋ ಬೇಡವೋ ಎಂಬ ವಾದಕ್ಕೆ ನಾನು ಇಂದು ಬಂದಿಲ್ಲ. ರಸ್ತೆ ಬರುವಾಗ ರೈತನು ಏನು ಮಾಡಬೇಕೆಂಬುದಷ್ಟೇ ನನ್ನ ವಿಷಯ. ಹೊಲದಲ್ಲಿ ಕಲ್ಲು ನೆಟ್ಟ ಮೇಲೆ ಕಚೇರಿಗೆ ಓಡುವುದು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಆದಕಾರಣ ಈಗಲೇ ಗಮನಿಸಬೇಕಾದ ನಾಲ್ಕು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು, ಪಹಣಿ. ಎಷ್ಟೋ ಮನೆಗಳಲ್ಲಿ ಉಳುವವನು ಮೊಮ್ಮಗ, ಪಹಣಿಯಲ್ಲಿರುವುದು ತೀರಿಹೋದ ಅಜ್ಜನ ಹೆಸರು. ಪರಿಹಾರ ಯಾರಿಗೆ ಸೇರಬೇಕೆಂಬ ವ್ಯಾಜ್ಯ ಹುಟ್ಟಿದರೆ, ಅದನ್ನು ಸಿವಿಲ್ ನ್ಯಾಯಾಲಯದ ತೀರ್ಮಾನಕ್ಕೆ ಕಳಿಸಲು ಕಾನೂನಿನಲ್ಲಿ ಅವಕಾಶವುಂಟು. ಭೂಮಿಯೂ ಹೋಯಿತು, ಹಣವೂ ಕೈಗೆ ಬರಲಿಲ್ಲ ಎಂಬ ಸ್ಥಿತಿ ಯಾರಿಗೂ ಬೇಡ. ಪೌತಿ ಖಾತೆ ಮಾಡಿಸಿರಿ. ಅಣ್ಣತಮ್ಮಂದಿರ ಭಾಗವಾಗಿದ್ದರೆ ಪೋಡಿ ಮಾಡಿಸಿರಿ. ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು 2005ರಲ್ಲಿಯೇ ಕಾನೂನಾಗಿದೆ. ಅಕ್ಕತಂಗಿಯರನ್ನು ಬಿಟ್ಟು ಕಾಗದ ಮಾಡಿಸಿದರೆ ಮುಂದೆ ತೊಡಕು ತಪ್ಪದು.

ಎರಡನೆಯದು, ದಿನಗಳ ಲೆಕ್ಕ. ರಾಷ್ಟ್ರೀಯ ಹೆದ್ದಾರಿಗೆ ಭೂಮಿ ತೆಗೆದುಕೊಳ್ಳುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯ ಪ್ರಕಾರ. ಮೊದಲು ಗೆಜೆಟ್ಟಿನಲ್ಲಿ ಅಧಿಸೂಚನೆ ಬರುತ್ತದೆ. ಅದರ ಸಾರಾಂಶ ಎರಡು ಪತ್ರಿಕೆಗಳಲ್ಲಿ, ಅವುಗಳಲ್ಲೊಂದು ನಮ್ಮ ಭಾಷೆಯದು, ಅಚ್ಚಾಗುತ್ತದೆ. ಅಧಿಸೂಚನೆ ಪ್ರಕಟವಾದ ದಿನದಿಂದ 21 ದಿನಗಳೊಳಗೆ ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಬೇಕು. ಕೊಟ್ಟವರ ಅಹವಾಲನ್ನು ಭೂಸ್ವಾಧೀನಾಧಿಕಾರಿಗಳು ಕೇಳಲೇಬೇಕು. ಈ ಹಂತದಲ್ಲಿ ಮನೆಮನೆಗೂ ನೋಟೀಸು ಬರಬೇಕೆಂಬ ನಿಯಮವಿಲ್ಲ. ಅದಕ್ಕಾಗಿ ಊರಿನ ಓದುಬಲ್ಲ ಹುಡುಗನೊಬ್ಬನಿಗೆ ಪತ್ರಿಕೆಯ ಪ್ರಕಟಣೆಗಳನ್ನು ದಿನವೂ ನೋಡುವ ಕೆಲಸ ಒಪ್ಪಿಸಿರಿ. ಸರ್ವೆ ನಂಬರು ಕಂಡ ಕೂಡಲೇ ಅವನು ಪಂಚಾಯಿತಿಯ ಮುಂದೆ ಬರೆದು ಹಾಕಲಿ.

ಮೂರನೆಯದು, ಬೆಲೆ. ಪರಿಹಾರವನ್ನು ಕಟ್ಟುವ ರೀತಿ 2013ರ ಭೂಸ್ವಾಧೀನ ಕಾಯಿದೆಯದು. ಹೆದ್ದಾರಿಗಳಿಗೂ ಇದು 2015ರ ಜನವರಿಯಿಂದ ಅನ್ವಯಿಸುತ್ತದೆ. ಸರ್ಕಾರದ ಮಾರ್ಗಸೂಚಿ ಬೆಲೆ ಒಂದು, ಹಿಂದಿನ ಮೂರು ವರ್ಷ ಸುತ್ತಮುತ್ತ ನೋಂದಣಿಯಾದ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧಭಾಗದ ಸರಾಸರಿ ಒಂದು. ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯುತ್ತಾರೆ. ಹಳ್ಳಿಯ ಭೂಮಿಗೆ ಅದನ್ನು ರಾಜ್ಯವು ಗೊತ್ತುಮಾಡಿದಂತೆ 1ರಿಂದ 2ರವರೆಗೆ ಗುಣಿಸಿ, ಮರ, ಬಾವಿ, ಮನೆಗಳ ಬೆಲೆ ಕೂಡಿಸಿ, ಒಟ್ಟಿಗೆ ಅಷ್ಟೇ ಮೊತ್ತವನ್ನು ಮೇಲೆ ಸೇರಿಸುತ್ತಾರೆ. ಲೆಕ್ಕಕ್ಕೆ ಹೇಳುತ್ತೇನೆ: ಎಕರೆಗೆ 20 ಲಕ್ಷ ಎಂದು ಹಿಡಿದು ಒಂದೂವರೆಯಿಂದ ಗುಣಿಸಿದರೆ 30 ಲಕ್ಷ, ಅಷ್ಟೇ ಮೇಲೆ ಸೇರಿದರೆ 60 ಲಕ್ಷ. ಮುದ್ರಾಂಕ ಶುಲ್ಕ ಉಳಿಸಲು ಊರಿನವರೆಲ್ಲ ಕ್ರಯಪತ್ರದಲ್ಲಿ 10 ಲಕ್ಷವೆಂದೇ ಬರೆಸಿ, ಮಾರ್ಗಸೂಚಿ ಬೆಲೆಯೂ ಅಷ್ಟೇ ಇದ್ದರೆ, ಸಿಗುವುದು 30 ಲಕ್ಷ. ಒಬ್ಬನು ಮಾಡಿದ ಸಣ್ಣ ಉಳಿತಾಯ ಹತ್ತು ಮನೆಗಳಿಗೆ ನಷ್ಟ! ಅಳತೆಗೆ ಬಂದಾಗ ತಪ್ಪದೆ ಹೊಲದಲ್ಲಿರಿ. ತೆಂಗು, ಮಾವು, ಕೊಳವೆಬಾವಿ ಎಲ್ಲವನ್ನೂ ಎಣಿಸಿ ಬರೆಸಿರಿ. ನಕಲು ಕೇಳಿ ಪಡೆಯಿರಿ. ಗೊತ್ತುಮಾಡಿದ ಹಣ ಒಪ್ಪಿಗೆಯಾಗದಿದ್ದರೆ ಪಂಚಾಯ್ತಿದಾರರ, ಅಂದರೆ ಆರ್ಬಿಟ್ರೇಟರರ ಮುಂದೆ ಕೇಳುವ ಹಕ್ಕು ತಮಗಿದೆ.

ನಾಲ್ಕನೆಯದು, ನೀರು ಮತ್ತು ದಾರಿ. ಭೂಮಿ ಕಳೆದುಕೊಳ್ಳದವರೂ ಇದನ್ನು ಕೇಳಿರಿ. ಈ ರಸ್ತೆಯನ್ನು ಏರಿ ಹಾಕಿ ಎತ್ತರಿಸುತ್ತಾರೆ. ಎಲ್ಲೆಂದರಲ್ಲಿ ಹತ್ತಿ ಇಳಿಯುವಂತಿಲ್ಲ. ಮನೆ ಈ ಕಡೆ, ಹೊಲ ಆ ಕಡೆ ಉಳಿದರೆ ದನಕರುಗಳ ಗತಿ ಏನು? ಹಳ್ಳದ ನೀರಿಗೆ ಏರಿ ಅಡ್ಡವಾದರೆ ಮೇಲಿನ ಹೊಲ ಜೌಗು, ಕೆಳಗಿನ ಕೆರೆ ಬರಿದು. ಗ್ರಾಮ ನಕಾಶೆಯನ್ನು ಹರಡಿಕೊಂಡು ಬಂಡಿದಾರಿ, ಹಳ್ಳ, ಕೆರೆಗೆ ಬರುವ ಕಾಲುವೆಗಳನ್ನು ಗುರುತಿಸಿರಿ. ಎಲ್ಲಿ ಕೆಳಸೇತುವೆ ಬೇಕು, ಎಲ್ಲಿ ಮೋರಿ ಬೇಕು ಎಂಬುದನ್ನು ಗ್ರಾಮಸಭೆಯಲ್ಲಿ ಠರಾವು ಮಾಡಿ ಹೆದ್ದಾರಿ ಕಚೇರಿಗೂ ಜಿಲ್ಲಾಧಿಕಾರಿಗಳಿಗೂ ಕಳುಹಿಸಿರಿ. ನಕ್ಷೆ ಕಾಗದದ ಮೇಲಿರುವಾಗ ಗೆರೆ ತಿದ್ದುವುದು ಸುಲಭ. ಕಾಂಕ್ರೀಟು ಬಿದ್ದ ಮೇಲೆ ಕಷ್ಟ.

ಬಂಧುಗಳೇ, ನಮ್ಮ ಹಿರಿಯರು ಕೊಟ್ಟ ಮಣ್ಣು ರಸ್ತೆಗೆ ಹೋಗುವುದಾದರೆ, ಅದರ ನ್ಯಾಯವಾದ ಬೆಲೆ ಮನೆಗೆ ಬರಬೇಕು. ಊರಿನ ನೀರೂ ದಾರಿಯೂ ಉಳಿಯಬೇಕು. ಈ ವಾರವೇ ಪೆಟ್ಟಿಗೆ ತೆರೆದು ಪಹಣಿ ತೆಗೆದು ನೋಡಿರಿ. ಅದರಲ್ಲಿ ಯಾರ ಹೆಸರಿದೆ?