ವಿಜ್ಞಾನ ಶಿಕ್ಷಕರ ಪ್ರಶಸ್ತಿ ಅರ್ಜಿ ಮತ್ತು ಪಂಚಾಯಿತಿಯ ದಾಖಲೆಗಳು

(ಗ್ರಾಮ ಪಂಚಾಯಿತಿ ಸದಸ್ಯರ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿಯು 1958ರಲ್ಲಿ ಆರಂಭವಾಯಿತು. 2018ರಿಂದ ಶಿಕ್ಷಕರು ತಾವೇ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುತ್ತಾರೆ. ಜಿಲ್ಲಾ ಸಮಿತಿ, ರಾಜ್ಯ ಸಮಿತಿ, ಬಳಿಕ ರಾಷ್ಟ್ರೀಯ ತೀರ್ಪುಗಾರರ ಮಂಡಳಿ ಎಂಬ ಮೂರು ಹಂತಗಳನ್ನು ಅರ್ಜಿಯು ದಾಟಬೇಕು. ಆದುದರಿಂದ ಪಂಚಾಯಿತಿಯ ಶಿಫಾರಸು ಪತ್ರದಿಂದ ಆಗುವ ಪ್ರಯೋಜನ ಅತ್ಯಲ್ಪ. ಪಂಚಾಯಿತಿಯ ದಾಖಲೆಗಳ ಮಾತು ಬೇರೆ.

ಗ್ರಾಮೀಣ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿಯು ಒಂಬತ್ತನೆಯ ತರಗತಿಯ ಮಕ್ಕಳಿಂದ ಊರಿನ ಕೊಳವೆಬಾವಿಗಳ ನೀರನ್ನು ಕಿಟ್ ಬಳಸಿ ಪರೀಕ್ಷೆ ಮಾಡಿಸಿದರು. ಒಂದು ಬಾವಿಯಲ್ಲಿ ಫ್ಲೋರೈಡ್ ಪ್ರಮಾಣವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ಮೀರಿತ್ತು. ಪ್ರಯೋಗಾಲಯವೂ ಅದನ್ನು ದೃಢಪಡಿಸಿದ ಮೇಲೆ ಪಂಚಾಯಿತಿಯು ಠರಾವು ಮಾಡಿ ಆ ನೀರನ್ನು ಕುಡಿಯಲು ಬಿಡುವುದನ್ನು ನಿಲ್ಲಿಸಿತು. ಆದರೆ ಆಕೆಯ ಅರ್ಜಿಯ ತುಂಬ ಇದ್ದುದು ಶಾಲು, ಹಾರ, ಸನ್ಮಾನಗಳ ಛಾಯಾಚಿತ್ರಗಳು. ಬಾವಿಯ ವಿಷಯಕ್ಕೆ ದೊರೆತುದು ಒಂದೇ ಸಾಲು: ‘ಜಲಜಾಗೃತಿ ಮೂಡಿಸಲಾಗಿದೆ.’ ಅರ್ಜಿ ಜಿಲ್ಲಾ ಹಂತದಲ್ಲಿಯೇ ನಿಂತಿತು. ಠರಾವು ಪುಸ್ತಕವು ಪಂಚಾಯಿತಿಯ ಕಪಾಟಿನಲ್ಲಿತ್ತು. ಕೇಳಿದವರೂ ಇಲ್ಲ, ಕೊಟ್ಟವರೂ ಇಲ್ಲ.

ಮರುವರ್ಷ ಆಕೆ ಅದೇ ಕೆಲಸವನ್ನು ಬೇರೆ ಬಗೆಯಲ್ಲಿ ನಿರೂಪಿಸಿದರು. ಮೊದಲ ದಿನ ಒಂದೇ ನೀರಿನ ಬಣ್ಣವನ್ನು ಮೂವರು ಮಕ್ಕಳು ಪಟ್ಟಿಯೊಡನೆ ಹೋಲಿಸಿ ಮೂರು ಬೇರೆ ಅಂಕಿಗಳನ್ನು ಬರೆದಿದ್ದರು. ಕಾರಣ ಹುಡುಕಿದಾಗ ಒಬ್ಬನು ನೆರಳಿನಲ್ಲಿ, ಇನ್ನೊಬ್ಬಳು ಬಿಸಿಲಿನಲ್ಲಿ ನೋಡಿದ್ದು ತಿಳಿಯಿತು. ಒಂದೇ ಬೆಳಕಿನಲ್ಲಿ ಮೂರು ಬಾರಿ ಪರೀಕ್ಷಿಸುವ ನಿಯಮವನ್ನು ಮಕ್ಕಳೇ ಮಾಡಿಕೊಂಡರು. ಹೊಡೆದುಹಾಕಿದ ಅಂಕಿಗಳಿದ್ದ ಆ ನೋಟುಪುಸ್ತಕದ ಪುಟಗಳನ್ನು ಇದ್ದಂತೆಯೇ ಸ್ಕ್ಯಾನ್ ಮಾಡಿ ಸೇರಿಸಲಾಯಿತು. ಇಡೀ ಕಡತದಲ್ಲಿ ಅವೇ ಹೆಚ್ಚು ಬೆಲೆಯುಳ್ಳವು. ಅಂದವಾಗಿ ಮರುಬರೆಯಿಸಿದ್ದರೆ ಕಲಿಕೆಯ ಗುರುತೇ ಅಳಿಸಿಹೋಗುತ್ತಿತ್ತು. ಜೊತೆಗೆ ಪ್ರಯೋಗಾಲಯದ ವರದಿ, ಠರಾವಿನ ದೃಢೀಕೃತ ನಕಲು. ಪ್ರಶಸ್ತಿ ಬರಲಿಲ್ಲ, ಅರ್ಜಿಯು ರಾಜ್ಯ ಸಮಿತಿಯವರೆಗೆ ಹೋಯಿತು.

ಅರ್ಜಿದಾರರಿಗೆ ಕನಿಷ್ಠ 10 ವರ್ಷಗಳ ಸೇವೆ ಇರಬೇಕು. ಖಾಸಗಿ ಟ್ಯೂಷನ್ ನಡೆಸುವವರು ಅರ್ಹರಲ್ಲ. ಸಮುದಾಯವನ್ನು ಶಾಲೆಯ ಕಡೆಗೆ ತಂದ ಕೆಲಸಕ್ಕೂ ಅಂಕಗಳುಂಟು. ಪಂಚಾಯಿತಿಯ ನೆರವು ಮುಖ್ಯವಾಗುವುದು ಇಲ್ಲಿಯೇ. ಶಿಕ್ಷಕರು ಕೇಳಿದಾಗ ಠರಾವಿನ ಸಂಖ್ಯೆ, ದಿನಾಂಕ, ಸಹಿಗಳಿರುವ ನಕಲನ್ನು ಕೊನೆಯ ದಿನದವರೆಗೆ ಕಾಯಿಸದೆ ಕೊಡಿಸುವುದು ಸದಸ್ಯರ ಕೈಯಲ್ಲಿದೆ. ಆದರೆ ನಡೆಯದ ಕಾರ್ಯಕ್ರಮಕ್ಕೆ ಹಿಂದಿನ ದಿನಾಂಕ ಹಾಕಿದ ಪತ್ರವನ್ನು, ಊರಿನ ಅಭಿಮಾನಕ್ಕಾಗಿಯೂ, ಕೊಡಕೂಡದು. ಮಾಹಿತಿಯೆಲ್ಲ ಸತ್ಯವೆಂದು ಶಿಕ್ಷಕರು ಮುಚ್ಚಳಿಕೆ ಬರೆದುಕೊಟ್ಟಿರುತ್ತಾರೆ. ಸುಳ್ಳೆಂದು ಕಂಡುಬಂದರೆ ಶಿಸ್ತುಕ್ರಮ ಎದುರಿಸಬೇಕಾದವರು ಅವರೇ.